ಬೆವರಿನ ಔಟ್‌ಟರ್ನ್

ಮನುಷ್ಯರನ್ನು ಮೂಟೆಗಳಂತೆ ನೋಡುವುದು ಒಳ್ಳೆಯ ಅಭ್ಯಾಸವಲ್ಲವೆಂದು ನನ್ನ ಹೆಂಡತಿ ಜಯಮ್ಮ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಏನು ಮಾಡಲಿ, ಕಣ್ಣು ಕೇಳುವುದಿಲ್ಲ. ಮದುವೆ ಮನೆಯಲ್ಲಿ ಅಕ್ಷತೆ ಹಿಡಿದು ಸಾಲಿನಲ್ಲಿ ನಿಂತಾಗ ಉಳಿದವರು ಗಂಡಿನ ಬಣ್ಣ, ಹೆಣ್ಣಿನ ಒಡವೆ ನೋಡುತ್ತಾರೆ. ನಾನು ಗಂಡು ಎಪ್ಪತ್ತೆರಡು ಕೆಜಿ, ಹೆಣ್ಣು ಸೀರೆ ಹೂವು ಎಲ್ಲ ಸೇರಿ ಅರವತ್ತು ಎಂದು ಮನಸ್ಸಿನಲ್ಲೇ ತೂಗಿರುತ್ತೇನೆ. ಆಶೀರ್ವಾದ ಆಮೇಲೆ.

ಇದು ಹೊಟ್ಟೆಪಾಡು ಕಲಿಸಿದ ವಿದ್ಯೆ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಅರಕಲಗೂಡು ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದ ಅಪ್ಪನಿಗೆ ಗದ್ದೆ ಇತ್ತು, ನನಗೆ ಭುಜ ಇತ್ತು. ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ಯಾರ್ಡಿನಲ್ಲಿ ಮೂಟೆ ಹೊರಲು ಸೇರಿದೆ. ಐವತ್ತು ಕೆಜಿಯ ಚೀಲವನ್ನು ಬೆನ್ನಿಗೆ ಹಾಕಿದ ಕೂಡಲೇ ಇದು ನಲವತ್ತೊಂಬತ್ತೂವರೆಯೇ ಇರುವುದು ಎಂದು ಹೇಳುವಷ್ಟು ಬೆನ್ನು ಪಳಗಿತು. ಆಮೇಲೆ ಸ್ವಂತಕ್ಕೆ ಒಂದು ಸಣ್ಣ ಕಾಫಿ ಮಿಲ್ಲು ಹಾಕಿಕೊಂಡೆ. ಸುತ್ತಲಿನ ತೋಟದವರು ಒಣಗಿಸಿ ತಂದ ಚೆರಿಯ, ಅಂದರೆ ಕಾಫಿ ಹಣ್ಣಿನ, ಸಿಪ್ಪೆ ತೆಗೆದು ಬೀಜ ಮಾಡುವುದು, ಕೊಳ್ಳುವವರಿಗೆ ಬೀಜದ ಗುಣ ನೋಡಿ ಹೇಳುವುದು, ಇದು ಕೆಲಸ. ಯಾರ ಹತ್ತಿರವೂ ಕೈಚಾಚದೆ ಇಷ್ಟು ಮಾಡಿದ್ದೇನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕಾಫಿ ಗೊತ್ತಿಲ್ಲದವರಿಗಾಗಿ ಒಂದು ಮಾತು. ಐವತ್ತು ಕೆಜಿ ಒಣ ಚೆರಿಯನ್ನು ಮಿಲ್ಲಿಗೆ ಹಾಕಿದರೆ ಐವತ್ತು ಕೆಜಿ ಬೀಜ ಬರುವುದಿಲ್ಲ. ಸಿಪ್ಪೆ ಹೋಗಿ ಸುಮಾರು ಅರ್ಧ ಉಳಿಯುತ್ತದೆ. ಇಪ್ಪತ್ತಾರೋ ಇಪ್ಪತ್ತೇಳೋ, ಹಾಗೆ ಕೈಗೆ ಬರುವ ಗಟ್ಟಿ ಬೀಜದ ತೂಕಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಒಂದು ಹಿಡಿ ಚೆರಿ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲುಗಿಸಿ, ಒಂದು ಬೀಜವನ್ನು ಹಲ್ಲಿಗಿಟ್ಟು ಕಚ್ಚಿ ನಾನು ಔಟ್‌ಟರ್ನ್ ಹೇಳಿದರೆ ಮಿಲ್ಲು ಅದಕ್ಕಿಂತ ಅರ್ಧ ಕೆಜಿ ಆಚೀಚೆ ಹೋಗುವುದು ಕಡಿಮೆ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಸರಿಯಾಗಿ ಒಣಗದ ಚೆರಿ ತಕ್ಕಡಿಯ ಮೇಲೆ ಗಂಭೀರವಾಗಿ ಕೂರುತ್ತದೆ, ಆದರೆ ಆ ಗಾಂಭೀರ್ಯವೆಲ್ಲ ನೀರು. ನಾಲ್ಕು ದಿನ ಬಿಸಿಲು ಬಿದ್ದರೆ ಹಾರಿಹೋಗುತ್ತದೆ. ಅದಕ್ಕೇ ಚೀಲ ತೂಗಿದ ಮೇಲೆ ತೇವಕ್ಕೆಂದು ಇಷ್ಟು ಕಟ್ ಮಾಡುವುದು. ಹಾಗೆ ಕಟ್ ಮಾಡಿ ಮಾಡಿಯೇ ನಾನು ಕಕ್ಕಬೆಯಿಂದ ತಿತಿಮತಿಯವರೆಗೆ ಅರ್ಧ ಜಿಲ್ಲೆಯ ತೋಟದವರಿಗೆ ಬೇಡವಾದವನು, ಇನ್ನರ್ಧಕ್ಕೆ ಬೇಕಾದವನು.

ಇಂಥ ನಾನು ಹೋದ ಸೀಸನ್ನಿನಲ್ಲಿ ಎಡವಿದೆ. ತಿತಿಮತಿ ಕಡೆಯಿಂದ ಒಟ್ಟಿಗೆ ಬಂದ ಮೂಟೆಗಳ ಒಂದು ಲಾಟಿನಲ್ಲಿ ಕೆಟ್ಟು ಕಪ್ಪಾದ ಬೀಜ ಕಣ್ಣಿಗೆ ಕಾಣಿಸುವಷ್ಟಿತ್ತಂತೆ. ನನಗೆ ಕಾಣಿಸಲಿಲ್ಲ. ಚೆನ್ನಾಗಿದೆ ಎಂದು ಕಳಿಸಿಬಿಟ್ಟೆ. ಕೊಂಡವರು ಫೋನು ಮಾಡಿ, “ಗೌಡ್ರೇ, ಕಣ್ಣನ್ನ ಮನೇಲಿಟ್ಟು ಬಂದಿದ್ರಾ?” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ನಕ್ಕರು. ಮರುದಿನ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಬೀಜ ನೋಡಿದೆ. ಮಂಜು ಬಿದ್ದ ಬೆಳಗಿನಲ್ಲಿ ಮಡಿಕೇರಿ ರಸ್ತೆ ನೋಡಿದ ಹಾಗಿತ್ತು. ಸೀಸನ್ ಮುಗಿಯಲಿ, ಮಳೆ ಕಳೆಯಲಿ ಎಂದು ಮುಂದೂಡಿ ಮುಂದೂಡಿ ಆಗಸ್ಟಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಪೊರೆ ಬಂದಿದೆ, ತೆಗೆಯಬಹುದು, ದೊಡ್ಡ ವಿಷಯವಲ್ಲ ಎಂದರು. ರಕ್ತದ ಚೀಟಿ ನೋಡಿದ ಮೇಲೆ ಮುಖ ಬದಲಾಯಿತು. “ಶುಗರ್ ಇಷ್ಟಿಟ್ಟುಕೊಂಡು ನಾನು ಕಣ್ಣಿಗೆ ಕೈ ಹಾಕುವುದಿಲ್ಲ. ಮಾತ್ರೆ ತಪ್ಪಿಸಬೇಡಿ, ಊಟ ಇಳಿಸಿ, ಮೈ ಬಗ್ಗಿಸಿ. ಇಳಿದ ಮೇಲೆ ಬನ್ನಿ.”

ಮೈ ಬಗ್ಗಿಸಿ! ಹದಿನಾಲ್ಕನೇ ವಯಸ್ಸಿನಿಂದ ಬಗ್ಗಿದ ಮೈ ಇದು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ನಿಜ ಏನೆಂದರೆ ಹತ್ತು ವರ್ಷದಿಂದ ಮೂಟೆ ಹೊರುವವರು ಬೇರೆ ಇದ್ದಾರೆ. ನಾನು ಕುರ್ಚಿಯಲ್ಲಿ ಕೂತು ಬೀಜ ಕಚ್ಚುತ್ತೇನೆ. ಮೈ ನಿಂತಿದೆ, ಹೊಟ್ಟೆ ಮಾತ್ರ ಮೂಟೆ ಹೊರುವವನ ಹೊಟ್ಟೆಯಾಗಿಯೇ ಉಳಿದಿದೆ. ಲೆಕ್ಕ ಸರಳವಾಗಿತ್ತು. ಜನವರಿಗೆ ರೊಬಸ್ಟಾ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಕಣ್ಣು ಆಗದಿದ್ದರೆ ನನ್ನ ಮಿಲ್ಲಿನಲ್ಲಿ ಬೀಜ ನೋಡಲು ಬೇರೆಯವನನ್ನು ಕೂರಿಸಬೇಕು. ನಾನು ಅವನ ಪಕ್ಕದಲ್ಲಿ ಕೂತು ಹೌದಪ್ಪ ಹೌದಪ್ಪ ಎನ್ನಬೇಕು. ಅದೊಂದು ನನ್ನಿಂದ ಆಗುವ ಕೆಲಸವಲ್ಲ.

ಮಗಳು ಸುಮ ವಿರಾಜಪೇಟೆಯ ಕಡೆ ಒಂದು ಶಾಲೆಯಲ್ಲಿ ಪಿಟಿ ಟೀಚರು. ವಿಷಯ ತಿಳಿದ ಭಾನುವಾರವೇ ಸ್ಕೂಟರಿನಲ್ಲಿ ಕಾಲ ಹತ್ತಿರ ಏನನ್ನೋ ಇಟ್ಟುಕೊಂಡು ಬಂದಳು. ನೋಡಿದರೆ ಕಬ್ಬಿಣದ ಒಂದು ಗುಂಡು, ಅದರ ತಲೆಯ ಮೇಲೆ ಹಿಡಿ. ಚಹಾದ ಕೆಟಲಿಗೆ ಮೂತಿ ಕತ್ತರಿಸಿ, ಒಳಗೆಲ್ಲ ಕಬ್ಬಿಣ ತುಂಬಿದರೆ ಹೇಗಿರುತ್ತದೋ ಹಾಗೆ. ಇದರ ಹೆಸರು ಕೆಟಲ್‌ಬೆಲ್ ಎಂದಳು. ಒಂದು ಬೆರಳಿನಲ್ಲಿ ಎತ್ತಿ ನೋಡಿ, “ಹನ್ನೆರಡು ಕೆಜಿ” ಎಂದೆ. ತಿರುಗಿಸಿ ನೋಡಿದರೆ ಹನ್ನೆರಡು ಎಂದೇ ಬರೆದಿತ್ತು. ಅಷ್ಟು ಹೊತ್ತು ನನಗೆ ಅದರ ಮೇಲೆ ಒಳ್ಳೆಯ ಅಭಿಪ್ರಾಯವಿತ್ತು.

ಎರಡು ಕಾಲು ಅಗಲಿಸಿ ನಿಂತು, ಅದನ್ನು ಎರಡು ಕೈಯಲ್ಲಿ ಹಿಡಿದು, ಕಾಲ ಸಂದಿನಿಂದ ಹಿಂದಕ್ಕೆ ಬೀಸಿ, ಸೊಂಟದ ಒಂದೇ ಒದೆತಕ್ಕೆ ಎದೆಯ ಮಟ್ಟಕ್ಕೆ ತರಬೇಕು. ಮತ್ತೆ ಹಿಂದಕ್ಕೆ ಬಿಡಬೇಕು. ಇಷ್ಟೇ. ಒಂದು ಮೂಟೆಯ ಕಾಲು ಭಾಗವೂ ಇಲ್ಲದ ಈ ಗುಂಡು ಹದಿನೈದನೇ ಬೀಸಿಗೆ ನನ್ನ ಉಸಿರನ್ನು ಕಿತ್ತುಕೊಂಡಿತು. ಇಪ್ಪತ್ತಕ್ಕೆ ನಾನು ಗೋಡೆ ಹಿಡಿದುಕೊಂಡೆ. “ಇದರಲ್ಲಿ ಏನೋ ಮೋಸ ಇದೆ ಕಣಮ್ಮ” ಎಂದರೆ ಮಗಳು, “ಮೋಸ ಇಲ್ಲಪ್ಪ, ಸೊಂಟ ಇಲ್ಲ” ಎಂದಳು.

ಮೋಸ ಎಲ್ಲಿದೆಯೆಂದು ಆಮೇಲೆ ನಾನೇ ಯೋಚಿಸಿ ಕಂಡುಹಿಡಿದೆ. ಜೀವಮಾನದಲ್ಲಿ ನಾನು ಎತ್ತಿದ್ದೆಲ್ಲ ಎಲ್ಲಿಗಾದರೂ ಹೋಗುತ್ತಿತ್ತು. ಯಾರ್ಡಿನಿಂದ ಗೋಡೌನಿಗೆ, ಗೋಡೌನಿನಿಂದ ಲಾರಿಗೆ. ಇಳಿಸಿದ ಮೇಲೆ ಲಾರಿ ತುಂಬಿದ್ದು ಕಾಣುತ್ತಿತ್ತು, ಒಂದು ಬೀಡಿ ಹಚ್ಚಬಹುದಿತ್ತು. ಈ ಗುಂಡು ಇನ್ನೂರು ಸಲ ಹೋಗಿ ಇನ್ನೂರು ಸಲ ಹೊರಟಲ್ಲಿಗೇ ಬರುತ್ತದೆ. ಕೆಲಸ ಮುಗಿದ ಮೇಲೆ ಜಗತ್ತಿನಲ್ಲಿ ಒಂದು ವಸ್ತುವೂ ಜಾಗ ಬದಲಿಸಿರುವುದಿಲ್ಲ. ದುಡಿದವನ ಮನಸ್ಸು ಇದನ್ನು ಒಪ್ಪುವುದಿಲ್ಲ. ಹಾಗಾದರೆ ಆದ ಕೆಲಸವೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ಎದ್ದೇ ಜನ ಕ್ಯಾಲೊರಿ ಎಂಬ ಮಾತನ್ನು ಹಿಡಿದುಕೊಂಡಿರಬೇಕು. ತುಂಬಿದ ಲಾರಿ ತೋರಿಸಲಾಗದವರು ತೋರಿಸುವ ಲಾರಿ ಅದು.

ಕ್ಯಾಲೊರಿ ಎಂದರೆ ಏನು ಎಂದು ಮಗಳನ್ನು ಕೇಳಿದೆ. ಅದು ಶಾಖದ ಅಳತೆ, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದಷ್ಟು ಎಂದಳು. ಇದು ನನಗೆ ಹಿಡಿಸಿತು. ಬಚ್ಚಲ ಹಂಡೆಗೆ ಉರಿ ಹಾಕುವ ಮನೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಆದರೆ ಇಪ್ಪತ್ತು ನಿಮಿಷ ಗುಂಡು ಬೀಸಿದರೆ ಎಷ್ಟು ಕ್ಯಾಲೊರಿ ಉರಿಯಿತು ಎಂದು ಕೇಳಿದ್ದೇ ತಡ, ಒಬ್ಬೊಬ್ಬರು ಒಂದೊಂದು ರೇಟು ಹೇಳುವ ಸಂತೆಯಾಯಿತು. ಮಗಳು ತನ್ನ ಹಳೆಯ ವಾಚನ್ನು ನನ್ನ ಕೈಗೆ ಕಟ್ಟಿದ್ದಳು. ಅದು ನಾಡಿ ಎಣಿಸಿ ನೂರ ನಲವತ್ತು ಎಂದಿತು. ಫೋನಿನಲ್ಲಿ ವ್ಯಾಯಾಮ ಹೇಳಿಕೊಡುವ ಒಬ್ಬ ಗಟ್ಟಿಮುಟ್ಟಾದ ಪುಣ್ಯಾತ್ಮ ಅಷ್ಟೇ ಹೊತ್ತಿಗೆ ನಾನೂರು ಎಂದ. ಮಗಳು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಮೈತೂಕ ಎಂಬತ್ತನಾಲ್ಕು, ಕೆಲಸದ ಬಿರುಸಿಗೆ ಒಂದು ಅಂಕೆ, ಎಂಟು ಎಂದಿಟ್ಟುಕೊಳ್ಳಿ, ಗುಣಿಸಿ, ಒಂದು ಗಂಟೆಯ ಮೂರನೇ ಒಂದು ಭಾಗ, ಇನ್ನೂರ ಇಪ್ಪತ್ತನಾಲ್ಕು.

“ಆಯ್ತಲ್ಲ, ಇನ್ನೂರ ಇಪ್ಪತ್ತನಾಲ್ಕು” ಎಂದೆ.

“ಇಲ್ಲಪ್ಪ, ಇದು ಇಪ್ಪತ್ತು ನಿಮಿಷನೂ ಬೀಸಿದವ್ರಿಗೆ. ನೀವು ಅದ್ರಲ್ಲಿ ಎಂಟು ನಿಮಿಷ ಸುಮ್ನೆ ನಿಂತು ನನಗೆ ಬೈತಾ ಇದ್ರಿ.”

ಒಂದೇ ಚೀಲಕ್ಕೆ ಮೂರು ಜನ ಮೂರು ಔಟ್‌ಟರ್ನ್ ಹೇಳಿದ ಹಾಗಾಯಿತು. ವಾಚಿನ ಮೇಲಂತೂ ನನಗೆ ನಂಬಿಕೆ ಹೋಯಿತು. ಅದಕ್ಕೊಂದು ಕಾರಣವಿದೆ. ಕಕ್ಕಬೆಯಲ್ಲಿ ಪೊನ್ನಪ್ಪ ಎಂಬ ತೋಟದವರಿದ್ದಾರೆ. ಇಪ್ಪತ್ತು ವರ್ಷದಿಂದ ಅವರ ಕಾಫಿ ನನ್ನ ಮಿಲ್ಲಿಗೆ ಬರುತ್ತದೆ, ಇಪ್ಪತ್ತು ವರ್ಷದಿಂದ ತೇವದ ವಿಚಾರಕ್ಕೆ ನಮ್ಮಿಬ್ಬರಿಗೆ ಜಗಳ. ಒಂದು ದಿನ ಅವರು ಫೋನು ಮಾಡಿ ಹೋದ ವರ್ಷದ ಜಗಳವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಿದರು. ಫೋನು ಇಟ್ಟು ವಾಚು ನೋಡಿದರೆ ಕುರ್ಚಿಯಲ್ಲಿ ಕೂತಲ್ಲೇ ಐವತ್ತು ಕ್ಯಾಲೊರಿ ಉರಿಸಿದ್ದೇನೆ ಎನ್ನುತ್ತಿತ್ತು. ಸಿಟ್ಟನ್ನೂ ಕಸರತ್ತನ್ನೂ ಬೇರೆ ಮಾಡಲಾರದ ಯಂತ್ರ! ಬೀಜವನ್ನೂ ಕಲ್ಲನ್ನೂ ಒಟ್ಟಿಗೆ ತೂಗುವವನನ್ನು ನಾನು ಮಿಲ್ಲಿನ ಬಾಗಿಲಿಗೂ ಸೇರಿಸುವುದಿಲ್ಲ.

ಆದ್ದರಿಂದ ನನ್ನ ಅಂದಾಜನ್ನು ನಾನೇ ಹಾಕುವುದೆಂದು ತೀರ್ಮಾನಿಸಿದೆ. ಮಿಲ್ಲಿನಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಐವತ್ತು ಗ್ರಾಮಿನ ವ್ಯತ್ಯಾಸವನ್ನೂ ತೋರಿಸುತ್ತದೆ. ಬೀಸುವ ಮೊದಲು ಒಂದು ಸಲ ಹತ್ತಿದೆ, ಬೀಸಿ ಮೈ ಒರೆಸಿಕೊಂಡು ಇನ್ನೊಂದು ಸಲ ಹತ್ತಿದೆ. ಮುನ್ನೂರು ಗ್ರಾಂ ಇಳಿದಿತ್ತು. ಕಣ್ಣೆದುರಿಗೆ! ಚೀಲದಿಂದ ಸಿಪ್ಪೆ ಹೋದಷ್ಟೇ ಸ್ಪಷ್ಟವಾಗಿ. ಮಗಳು ಎಂದೋ ತುಪ್ಪದ ಡಬ್ಬಿಯ ಮೇಲಿನ ಬರಹ ಓದುತ್ತಾ ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿ ಎಂದದ್ದು ನೆನಪಿತ್ತು. ಶಾಲೆ ಬಿಟ್ಟರೂ ನಾನು ಮಗ್ಗಿ ಬಿಟ್ಟವನಲ್ಲ. ಮುನ್ನೂರು ಒಂಬತ್ತಲಿ ಎರಡು ಸಾವಿರದ ಏಳು ನೂರು. ಮಿಲ್ಲಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ವಾಚಿನ ನೂರ ನಲವತ್ತು ನೆನೆದು ಕನಿಕರವಾಯಿತು.

ಮುಂದಿನದು ಅನುಭವದ ಮಾತು. ಚೆರಿಯನ್ನು ನೆರಳಲ್ಲಿ ಹರಡಿದರೆ ನಿಧಾನ ಇಳಿಯುತ್ತದೆ, ಬಿಸಿಲಲ್ಲಿ ಹರಡಿದರೆ ಬೇಗ ಇಳಿಯುತ್ತದೆ. ಮೈಗೂ ಅದೇ ನಿಯಮವಿರಬೇಕೆಂದು ಬೀಸುವ ಹೊತ್ತನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ತಂದೆ. ಜಾಗವನ್ನು ಮನೆಯ ಜಗಲಿಯಿಂದ ಮಿಲ್ಲಿನ ತಗಡಿನ ಸೂರಿನ ಕೆಳಗೆ ತಂದೆ. ಮೇಲೊಂದು ಉಣ್ಣೆಯ ಸ್ವೆಟರು ಹಾಕಿದೆ. ನಾನೂರ ಐವತ್ತು ಗ್ರಾಂ ಇಳಿಯಿತು. ನಾಲ್ಕು ಸಾವಿರದ ಐವತ್ತು ಕ್ಯಾಲೊರಿ. ಬಾಗಿಲ ಮೇಲೆ ಈ ಅಂಕೆಯನ್ನು ದೊಡ್ಡದಾಗಿ ಬರೆದು ಕೆಳಗೊಂದು ಗೆರೆ ಎಳೆದೆ.

ಒಂದು ಅಕ್ಕಿರೊಟ್ಟಿಗೆ ನೂರೈವತ್ತು ಕ್ಯಾಲೊರಿ ಎಂದು ಮಗಳೇ ಹೇಳಿದ್ದಳು. ಆ ಪ್ರಕಾರ ದಿನಕ್ಕೆ ಇಪ್ಪತ್ತೇಳು ರೊಟ್ಟಿ ತಿನ್ನುವ ಹಕ್ಕು ನನಗೆ ಬಂದಿತ್ತು. ನಾನು ತಿಂದದ್ದು ನಾಲ್ಕೇ, ಮೇಲೆ ಸ್ವಲ್ಪ ಜೇನುತುಪ್ಪ. ಇಪ್ಪತ್ತಮೂರು ರೊಟ್ಟಿ ಬಿಟ್ಟವನೆಂದು ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು. ಜಯಮ್ಮನಿಗೆ ಮಾತ್ರ ಹುಟ್ಟಲಿಲ್ಲ. ನಾಲ್ಕು ಸಾವಿರ ಕ್ಯಾಲೊರಿ ಎಂದರೆ ನಮ್ಮ ನೂರು ಲೀಟರಿನ ಹಂಡೆ ಸ್ನಾನಕ್ಕೆ ಕಾಯುವಷ್ಟು ಶಾಖ ಎಂದು ನಾನು ಅವಳಿಗೆ ತಿಳಿಸಿ ಹೇಳಿದ್ದೇ ತಪ್ಪಾಯಿತು.

“ಹಂಗಾದ್ರೆ ನಾನ್ಯಾಕ್ರೀ ಸೌದೆ ಉರಿಸ್ಲಿ? ದಿನಾ ಮಧ್ಯಾಹ್ನ ಆ ಗುಂಡು ಹಿಡ್ಕೊಂಡು ಬಚ್ಚಲಲ್ಲಿ ನಿಂತ್ಕೊಳ್ಳಿ. ಎಲ್ರೂ ಬಿಸಿನೀರಲ್ಲಿ ಮೀಯೋಣ.”

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಕ್ಕಡಿಯನ್ನು ನಂಬಿದವನಿಗೆ ಹಂಡೆಯ ಮಾತು ಹಿಡಿಸುವುದಿಲ್ಲ. ಹೀಗೆ ಒಂದೂವರೆ ತಿಂಗಳು ನಡೆಯಿತು. ಪ್ರತಿ ದಿನವೂ ಅಷ್ಟು ಇಳಿದವನು ಮರುದಿನ ತಕ್ಕಡಿ ಹತ್ತಿದಾಗ ಮತ್ತೆ ಎಂಬತ್ತನಾಲ್ಕೇ ಇದ್ದನಲ್ಲ, ಅದಾದರೂ ಕಣ್ಣಿಗೆ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ಬಿದ್ದಿತ್ತು. ಆದರೆ ನಿನ್ನೆಯ ಲಾಟನ್ನು ಇಂದಿನ ಲಾಟಿಗೆ ಬೆರೆಸಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದೆ. ತನಗೆ ಬೇಕಾದಾಗ ಮನುಷ್ಯ ಎಷ್ಟು ಒಳ್ಳೆಯ ವಿದ್ಯಾರ್ಥಿಯಾಗುತ್ತಾನೆ ನೋಡಿ.

ಅಕ್ಟೋಬರಿನಲ್ಲಿ ಡಾಕ್ಟರ ಬಳಿ ಹೋಗುವಾಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮನಸ್ಸಿನಲ್ಲಿ ಆಪರೇಷನ್ನಿನ ದಿನ ಗೊತ್ತುಮಾಡಿದ್ದೆ. ಅವರು ಚೀಟಿ ನೋಡಿ ಕನ್ನಡಕ ತೆಗೆದರು. ಶುಗರ್ ಇಳಿದಿರಲಿಲ್ಲ. ಹೋದ ಸಲಕ್ಕಿಂತ ಸ್ವಲ್ಪ ಏರಿತ್ತು. “ವ್ಯಾಯಾಮ ಮಾಡ್ತಿದ್ದೀರಾ?” ಎಂದರು. ದಿನಕ್ಕೆ ನಾಲ್ಕು ಸಾವಿರ ಕ್ಯಾಲೊರಿ ಎಂದು ಹೇಳಲು ಬಾಯಿ ತೆರೆದೆ. ಯಾಕೋ ಏನೋ, “ಮಾಡ್ತಿದ್ದೀನಿ ಸಾರ್” ಎಂದಷ್ಟೇ ಹೇಳಿದೆ. ಡಿಸೆಂಬರಿನಲ್ಲಿ ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಇದ್ದರೆ ಕಣ್ಣಿನ ವಿಷಯ ಬೇಸಗೆಗೆ ಎಂದರು. ಬೇಸಗೆ ಎಂದರೆ ಸೀಸನ್ ಮುಗಿದ ಮೇಲೆ. ಮಡಿಕೇರಿಯಿಂದ ಬಸ್ಸಿನಲ್ಲಿ ಕುಶಾಲನಗರಕ್ಕೆ ವಾಪಸ್ಸು ಬರುವಾಗ ರಕ್ತ ನೋಡಿದವರ ಯಂತ್ರವೇ ಕೆಟ್ಟಿರಬೇಕು ಎಂದುಕೊಂಡೆ. ದಾರಿಯಲ್ಲಿ ಆನೆಕಾಡು ದಾಟುವವರೆಗೆ ಹಾಗೆಂದುಕೊಳ್ಳಲು ಸಾಧ್ಯವಾಯಿತು. ಆಮೇಲೆ ಭಯವಾಯಿತು.

ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಲಿಲ್ಲ. ಮರುದಿನದಿಂದ ಇಪ್ಪತ್ತು ನಿಮಿಷವನ್ನು ಅರ್ಧ ಗಂಟೆ ಮಾಡಿದೆ, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿದೆ.

ನವೆಂಬರಿನ ಮೊದಲ ವಾರ. ಎರಡು ಸ್ವೆಟರಿನಲ್ಲಿ ಬೀಸಿ, ಕೊನೆಗೆ ಅವನ್ನು ಕಳಚಿ, ಟವೆಲ್ಲು ಸುತ್ತಿಕೊಂಡು ತಕ್ಕಡಿಯ ಮೇಲೆ ನಿಂತಿದ್ದೆ. ಮನೆಬಳಕೆಯ ಹಳೇ ಚೆರಿ ಅರ್ಧ ಚೀಲ ಮಿಲ್ಲಿಗೆ ಹಾಕಿಸಲು ಪೊನ್ನಪ್ಪ ಬಂದರು. ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಎಂತ ಗೌಡ್ರೇ ಇದು? ನಿಮ್ಮನ್ನೇ ಮಾರ್ತಾ ಇದ್ದೀರಾ?”

ಅವರೆದುರು ಸಣ್ಣವನಾಗಲು ನಾನು ಸಿದ್ಧನಿರಲಿಲ್ಲ. ಗುಂಡು ತೋರಿಸಿದೆ, ಬಾಗಿಲ ಮೇಲಿನ ಅಂಕೆ ತೋರಿಸಿದೆ, ಮೊದಲ ತೂಕ, ಕಡೆಯ ತೂಕ, ಒಂಬತ್ತರ ಮಗ್ಗಿ, ಎಲ್ಲವನ್ನೂ ವಿವರಿಸಿದೆ. ಪೊನ್ನಪ್ಪ ಚೀಲದ ಮೇಲೆ ಕೂತು ಮಗುವಿನ ಹಾಗೆ ಕೇಳಿದರು. ಕೇಳಿ ಮುಗಿದ ಮೇಲೆ ಮೀಸೆ ಒರೆಸಿಕೊಂಡು ಒಂದೇ ಮಾತು ಕೇಳಿದರು.

“ತೇವ ಕಟ್ ಮಾಡಿದ್ರಾ?”

ನಾನು ಟವೆಲ್ಲು ಬಿಗಿ ಮಾಡಿಕೊಂಡೆ.

“ಅಲ್ಲ ಮಾರಾಯ್ರೆ, ಇಪ್ಪತ್ತು ವರ್ಷದಿಂದ ನನ್ನ ಒಂದೊಂದು ಚೀಲಕ್ಕೂ ಕಚ್ಚಿ ಕಚ್ಚಿ ಕಟ್ ಮಾಡಿದವ್ರು ನೀವು. ಬೀಜ ಅಲ್ಲ ಪೊನ್ನಪ್ಪನವ್ರೇ, ನೀರು, ನೀರು ಅಂತ. ಈಗ ನಿಮ್ಮ ಚೀಲದಿಂದ ಹೋಗಿದ್ದೆಲ್ಲ ಬೀಜವಾ?” ಅಷ್ಟು ಹೇಳಿ ನೆಲದ ಮೇಲೆ ಬಿದ್ದಿದ್ದ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿ ಹಿಂಡಿದರು. ತೊಟ್ಟಿಕ್ಕಿತು.

ಇಪ್ಪತ್ತು ವರ್ಷ ಕಾದು ಸಿಕ್ಕಿದ ಮಾತದು. ಅವರು ನಕ್ಕ ನಗುವಿಗೆ ಮಿಲ್ಲಿನ ಸೂರಿನ ಪಾರಿವಾಳಗಳು ಹಾರಿದವು. ನಾನು ತಕ್ಕಡಿಯಿಂದ ಇಳಿದು ಮೂಲೆಯ ಹೂಜಿಯಿಂದ ಅರ್ಧ ಚೊಂಬು ನೀರು ಕುಡಿದು ಮತ್ತೆ ಹತ್ತಿದೆ. ಇಳಿದದ್ದು ಅಷ್ಟೂ ವಾಪಸ್ಸು ಬಂದಿತ್ತು. ಬಾಗಿಲ ಮೇಲೆ ಬರೆದ ನಾಲ್ಕು ಸಾವಿರದ ಐವತ್ತು ಕ್ಯಾಲೊರಿಯನ್ನು ನಾನು ಅರ್ಧ ಚೊಂಬು ತಣ್ಣೀರಿನಲ್ಲಿ ಕುಡಿದುಬಿಟ್ಟಿದ್ದೆ.

ಹೊರಗಿನವರು ಈ ತಪ್ಪು ಮಾಡಲಾರರು. ಇಷ್ಟು ವರ್ಷ ತಕ್ಕಡಿಯ ಎದುರು ನಿಂತು, ಇಳಿದ ತೂಕದಲ್ಲಿ ಎಷ್ಟು ನೀರು ಎಷ್ಟು ಗಟ್ಟಿ ಎಂದು ಹೇಳುವುದನ್ನೇ ಕಸುಬಾಗಿ ಮಾಡಿಕೊಂಡವನೇ ಮಾಡಬೇಕು. ಯಾಕೆ ಹೀಗಾಯಿತೆಂದು ಬಹಳ ಯೋಚಿಸಿದೆ. ಬೇರೆಯವರ ಚೀಲದ ಎದುರು ನಾನು ಕೊಳ್ಳುವವನ ಕಡೆ ನಿಲ್ಲುತ್ತೇನೆ. ಅಲ್ಲಿ ಕಣ್ಣು ಚುರುಕು, ಹಲ್ಲು ಚುರುಕು. ನನ್ನ ಚೀಲದ ಎದುರು ನಾನು ಮಾರುವವನಾಗಿದ್ದೆ. ಮಾರುವವನ ಪ್ರಕಾರ ಚೆರಿ ಯಾವಾಗಲೂ ಒಣಗಿರುತ್ತದೆ. ಫೋನಿನ ಪುಣ್ಯಾತ್ಮನೂ ಮಾರುವವನೇ, ಅದಕ್ಕೇ ಅವನದು ನಾನೂರು. ವಾಚನ್ನು ಬೈದೆನಲ್ಲ, ಅದಕ್ಕೆ ಬುದ್ಧಿ ಕಡಿಮೆ ಇರಬಹುದು, ಆದರೆ ನನ್ನಷ್ಟು ಮಾರುವ ಆಸೆ ಇರಲಿಲ್ಲ.

ಮಗಳಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. “ಅಪ್ಪ, ಎರಡು ಸ್ವೆಟರ್ ಹಾಕ್ಕೊಂಡು ತಗಡಿನ ಕೆಳಗೆ... ಬಿದ್ದಿದ್ರೆ ಏನ್ ಮಾಡ್ತಿದ್ರಿ?” ಎಂದಳು. ಆಮೇಲೆ ಫೋನಿನಲ್ಲೇ ಇಬ್ಬರೂ ಹೊಸದಾಗಿ ಲೆಕ್ಕ ಹಾಕಿದೆವು. ಅವಳ ಇನ್ನೂರ ಇಪ್ಪತ್ತನಾಲ್ಕರಲ್ಲಿ ನಾನು ನಿಂತು ಬೈದ ಎಂಟು ನಿಮಿಷ ಕಳೆದರೆ ನೂರ ಮೂವತ್ತನಾಲ್ಕು. ವಾಚು ಹೇಳಿದ್ದು ನೂರ ನಲವತ್ತು. ಎರಡು ಕಡೆಯಿಂದ ತೆಗೆದ ಸ್ಯಾಂಪಲ್ಲು ಹತ್ತಿರ ಹತ್ತಿರ ಬಂದರೆ ಆ ಚೀಲವನ್ನು ನಂಬಬಹುದು. ನೂರ ನಲವತ್ತು ಎಂದರೆ ಹಂಡೆಯ ಲೆಕ್ಕದಲ್ಲಿ ಮೂರೂವರೆ ಚೊಂಬು ಬಿಸಿನೀರು. ಮುಖ, ಕೈಕಾಲು ತೊಳೆಯಬಹುದು, ತಲೆಗೆ ಸಾಲದು. ರೊಟ್ಟಿಯ ಲೆಕ್ಕದಲ್ಲಿ ಒಂದಕ್ಕೂ ಸ್ವಲ್ಪ ಕಡಿಮೆ. ಮೈಯೆಲ್ಲ ಉರಿದು, ಉಸಿರು ಗಂಟಲಿಗೆ ಬಂದು, ಸೊಂಟ ಹಿಡಿದುಕೊಂಡು, ಇಪ್ಪತ್ತು ನಿಮಿಷ ಕಾದಾಡಿದ್ದಕ್ಕೆ ಒಂದು ರೊಟ್ಟಿ! ನಾಲ್ಕು ರೊಟ್ಟಿ ಹಾಕುತ್ತಿದ್ದ ಜಯಮ್ಮ ಇದನ್ನು ಕೇಳಿ, “ಎತ್ತೋದಕ್ಕಿಂತ ತಟ್ಟೆಗೆ ಹಾಕಿಸ್ಕೊಳ್ಳದೇ ಇರೋದೇ ಹಗುರ ಅಲ್ವೇನ್ರೀ?” ಎಂದಳು. ಅಂದಿನಿಂದ ಎರಡಕ್ಕೆ ನಿಲ್ಲಿಸಿದಳು. ಜೇನಿನ ಬಾಟಲಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಗುಂಡನ್ನು ಬಿಡಲಿಲ್ಲ. ಅಷ್ಟೇ ಫಲ ಎಂದು ಗೊತ್ತಾದ ಮೇಲೆ ಅದನ್ನು ಎತ್ತುವುದು ವಿಚಿತ್ರವಾಗಿ ಸುಲಭವಾಯಿತು. ಬೆಳಗಿನ ತಂಪಿನಲ್ಲಿ, ಬನಿಯನ್ನಿನಲ್ಲಿ, ಇಪ್ಪತ್ತು ನಿಮಿಷ. ಮೂರನೇ ವಾರಕ್ಕೆ ನಿಲ್ಲುವ ಎಂಟು ನಿಮಿಷ ಐದಾಯಿತು. ತಕ್ಕಡಿಯನ್ನು ಭಾನುವಾರ ಮಾತ್ರ, ಬರಿ ಹೊಟ್ಟೆಯಲ್ಲಿ ಹತ್ತಿದೆ. ಲಾಟು ಬೆರೆಸಬಾರದೆಂಬ ಪಾಠವನ್ನು ಕಾಫಿಗೇ ಬಿಟ್ಟುಕೊಟ್ಟು ಈ ಭಾನುವಾರವನ್ನು ಹೋದ ಭಾನುವಾರದ ಪಕ್ಕದಲ್ಲಿಟ್ಟು ನೋಡಿದೆ. ಎಂಬತ್ತನಾಲ್ಕು, ಎಂಬತ್ತಮೂರೂವರೆ, ಎಂಬತ್ತಮೂರು. ಬಾಗಿಲ ಮೇಲೆ ಬರೆಯಲು ನಾಚಿಕೆಯಾಗುವಷ್ಟು ಸಣ್ಣ ಇಳಿತ. ಆದರೆ ನೀರು ಕುಡಿದರೆ ವಾಪಸ್ಸು ಬರುವಂಥದ್ದಲ್ಲ.

ಸುಗ್ಗಿಯ ಹಬ್ಬ ಪುತ್ತರಿಯ ಮರುದಿನ ಮಧ್ಯಾಹ್ನ ಪೊನ್ನಪ್ಪನವರ ಮನೆಯ ಊಟ ತಪ್ಪಿಸುವಂತಿಲ್ಲ. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿಕರಿ, ಮೇಲೆ ತುಪ್ಪ ಎಳ್ಳು ಹಾಕಿ ಕಲಸಿದ ತಂಬುಟ್ಟು. ಎರಡು ಕಡಂಬುಟ್ಟಿಗೆ ಕೈ ತೊಳೆದೆ. “ಒಂದು ಸ್ವೆಟರ್ ಕೊಡ್ಲಾ ಗೌಡ್ರೇ? ಹಾಕ್ಕೊಂಡು ಹತ್ತು ನಿಮಿಷ ಬಿಸಿಲಲ್ಲಿ ನಿಂತು ಬಂದ್ರೆ ತಂಬುಟ್ಟಿಗೆ ಜಾಗ ಆಗ್ತದೆ” ಎಂದರು ಪೊನ್ನಪ್ಪ. ಊಟಕ್ಕೆ ಬಂದವರೆಲ್ಲರಿಗೂ ಆ ಕತೆ ಆಗಲೇ ತಲುಪಿತ್ತೆಂದು ಅವರ ನಗುವಿನಿಂದ ಗೊತ್ತಾಯಿತು. ತಂಬುಟ್ಟು ಬಿಟ್ಟದ್ದು ಕಷ್ಟವಾಯಿತು, ನಗು ಅಷ್ಟು ಕಷ್ಟವಾಗಲಿಲ್ಲ.

ಡಿಸೆಂಬರಿನ ಚೀಟಿಯನ್ನು ಡಾಕ್ಟರು ಎರಡು ಸಲ ಓದಿದರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಕೊನೆಗೆ ಕ್ಯಾಲೆಂಡರ್ ಎಳೆದುಕೊಂಡು, “ಬರೋ ಗುರುವಾರ ಬೆಳಿಗ್ಗೆ ಬರ್ತೀರಾ?” ಎಂದರು. ಬರುತ್ತೀರಾ ಎಂದು ಕೇಳುತ್ತಾರಲ್ಲ!

ಕಟ್ಟು ಬಿಚ್ಚಿ, ಹಸಿರು ಮರೆ ತೆಗೆದು, ಕರಿ ಕನ್ನಡಕ ಹಾಕಿಕೊಂಡು ಮಿಲ್ಲಿಗೆ ಹೋದ ಮೊದಲ ದಿನ ಕಂಡದ್ದು ಬೀಜವಲ್ಲ, ಬಾಗಿಲು. ನಾಲ್ಕು ಸಾವಿರದ ಐವತ್ತು. ಅಂಕೆ ಎಷ್ಟು ಸೊಟ್ಟಗಿತ್ತೆಂದರೆ ಅದನ್ನು ಬರೆದ ಕಣ್ಣು ಎಂಥದ್ದಿತ್ತೆಂದು ಆಗ ತಿಳಿಯಿತು. ಅಳಿಸಲು ಬಟ್ಟೆ ತೆಗೆದುಕೊಂಡೆ, ಅಳಿಸದೆ ಬಿಟ್ಟೆ. ಒಂದು ತಿಂಗಳು ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದಾರೆ, ಸದ್ಯ ನಡಿಗೆ ಮಾತ್ರ. ಗುಂಡು ಈಗ ಆ ಬಾಗಿಲು ಗಾಳಿಗೆ ಬಡಿಯದ ಹಾಗೆ ಹಿಡಿದುಕೊಂಡಿದೆ. ಕೊನೆಗೂ ಅದಕ್ಕೊಂದು ಜಾಗ ಸಿಕ್ಕಿದ್ದು ನನಗೆ ಸಮಾಧಾನ.

ಮೊನ್ನೆ ಪೊನ್ನಪ್ಪ ಈ ಸೀಸನ್ನಿನ ಮೊದಲ ಚೆರಿ ತಂದರು. ಒಂದು ಹಿಡಿಯ ಸಿಪ್ಪೆ ಬಿಡಿಸಿ ಅಂಗೈಯಲ್ಲಿ ಹರಡಿ ನೋಡಿದೆ. ಒಂದೊಂದು ಬೀಜದ ನಡುವಿನ ಗೆರೆಯೂ ಕಂಡಿತು. ಒಂದನ್ನು ಕಚ್ಚಿದೆ. ಹಸಿ ಇತ್ತು, ಎಂದಿನಂತೆ. ಎಷ್ಟು ಕಟ್ ಎಂದು ಹೇಳಿದೆ. ಎಂದಿನಂತೆ ಜಗಳವಾಯಿತು. ಹೊಸ ಕಣ್ಣಿಗೆ ದಾಕ್ಷಿಣ್ಯ ಇನ್ನೂ ಕಡಿಮೆಯಾಗಿದೆ ಎಂದು ಅವರು, ಚೆರಿ ಒಣಗಿಸುವ ಹಳೇ ಕಣವನ್ನು ಇನ್ನೆರಡು ದಿನ ಹೆಚ್ಚು ಉಪಯೋಗಿಸಿ ಎಂದು ನಾನು. ಜಗಳ ಮುಗಿದಾಗ ಅವರು ನನ್ನ ಕೈ ಹಿಡಿದು ವಾಚನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಎಷ್ಟು ಉರೀತು?”

“ನಲವತ್ತು ತೋರಿಸ್ತಾ ಇದೆ” ಎಂದೆ. ಅವರು ಬಾಗಿಲ ಮೇಲಿನ ಅಂಕೆಯ ಕಡೆ ಒಮ್ಮೆ ನೋಡಿ ಸುಮ್ಮನೆ ಕಾದರು. ಏನಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು.

“ತೇವಕ್ಕೆ ಹತ್ತು ಕಟ್ ಮಾಡಿ. ಮೂವತ್ತು ಅಂತ ಇಟ್ಕೊಳ್ಳಿ.”